ಮೂರನೇ ಮೆಟ್ಟಿಲಲ್ಲಿ ಎದೆಯುರಿ

ನನ್ನ ಹೊಟ್ಟೆಯ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಇಡೀ ಪುಣೆಯಲ್ಲಿ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಬೆಳಿಗ್ಗೆ ದನಿ ಗೊಗ್ಗರಾದರೆ ಅದು ನಮ್ಮ ಬಡಾವಣೆ ಕೋಥರೂಡದ ಧೂಳು. ಒಣಕೆಮ್ಮು ಬಂದರೆ ಪಕ್ಕದ ಫ್ಲ್ಯಾಟಿನ ಒಗ್ಗರಣೆ. ಮಲಗಿದಾಗ ಗಂಟಲಿಗೆ ಹುಳಿನೀರು ನುಗ್ಗಿದರೆ ದಿಂಬಿನ ದೋಷ! ಎರಡು ದಿಂಬು ಬದಲಾಯಿಸಿದ್ದೂ ಆಗಿತ್ತು.

"ದಿನಾ ಎದಿ ಉರಿತದ ಅಂತೀರಿ, ಒಮ್ಮೆ ಡಾಕ್ಟರಿಗೆ ತೋರಸ್ರಿ" ಎಂದು ಹೆಂಡತಿ ಸುಮಿತ್ರಾ ಹೇಳಿ ಹೇಳಿ ಸೋತಿದ್ದಳು. ನಾನು ಹೋಗಲಿಲ್ಲ. ಹೋದರೆ ಡಾಕ್ಟರು "ಏನು ತಿನ್ನುತ್ತೀರಿ?" ಎಂದು ಕೇಳುತ್ತಾರೆ. ಪಕ್ಕದಲ್ಲೇ ಸುಮಿತ್ರಾ ಕೂತಿರುತ್ತಾಳೆ. ನನ್ನ ಮುಂಜಾನೆಯ ವಾಕಿಂಗು ಮೊಳಕೆಕಾಳಿನ ಖಾರದ ಮಿಸಳ್ ಮಾರುವ ಅಂಗಡಿಯ ಬೆಂಚಿನ ಮೇಲೆ ಮುಗಿಯುತ್ತದೆಂಬ ರಾಜ್ಯರಹಸ್ಯ ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಅಣ್ಣನ ಮಗ ಪ್ರವೀಣನ ಮದುವೆಯಾಯಿತು. ಹೊಸ ಜೋಡಿ ಜೇಜುರಿಗೆ ಹೋಗಿ ಖಂಡೋಬನ ದರ್ಶನ ಮಾಡಬೇಕು. ಅಲ್ಲಿ ಗಂಡ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಏರಬೇಕು. ಇದು ಪದ್ಧತಿ. ಜೊತೆಗೆ ನಾವೂ ಹೊರಟೆವು. ಹೊರಡುವ ಮೊದಲು ನಾನು "ವಾಕಿಂಗು" ಮುಗಿಸಿಯೇ ಬಂದಿದ್ದೆ. ಆ ದಿನ ಎರಡು ಪ್ಲೇಟು!

ಪ್ರವೀಣ ಐದು ಮೆಟ್ಟಿಲು ಏರುವುದರೊಳಗೆ ಏದುಸಿರು ಬಿಟ್ಟ. ನಾನು ನಕ್ಕೆ. ಅದೇ ತಪ್ಪಾಯಿತು.

"ನಗಬ್ಯಾಡ್ರಿ. ನಮ್ಮ ಲಗ್ನ ಆದಾಗ ಕಾಲು ಉಳುಕ್ಯದ ಅಂತ ಹೇಳಿ ನೀವು ನನ್ನ ಎತ್ತಲೇ ಇಲ್ಲ" ಎಂದಳು ಸುಮಿತ್ರಾ. "ಇಪ್ಪತ್ತೆರಡು ವರ್ಷ ಆತು. ಇನ್ನೂ ಉಳುಕು ಅದ ಏನು?"

ನಗುತ್ತಲೇ ಕೇಳಿದಳು. ಆದರೆ ಅದು ಇಷ್ಟು ವರ್ಷ ಅವಳ ಮನಸ್ಸಿನಲ್ಲಿತ್ತೆಂದು ನನಗೆ ಆಗಲೇ ತಿಳಿದದ್ದು. ಚುರುಕ್ ಎಂದಿತು.

"ಬಾ, ಈಗs ಎತ್ತತೀನಿ!"

"ಅಯ್ಯ, ಆಗಿನ ತೂಕ ಬ್ಯಾರೆ, ಈಗಿನ ತೂಕ ಬ್ಯಾರೆ ಅದ್ರೀ!"

ನಾನು ಕೇಳಲಿಲ್ಲ. ಬಗ್ಗಿದೆ, ಎತ್ತಿದೆ. ಒಂದನೇ ಮೆಟ್ಟಿಲಿಗೆ ಜನ ಜಯಕಾರ ಹಾಕಿದರು. ಎರಡನೆಯದಕ್ಕೆ ಯಾರೋ ಖಂಡೋಬನ ಅರಿಶಿನಪುಡಿ, ಭಂಡಾರ, ಮುಖದ ತುಂಬ ಎರಚಿದರು. ಮೂರನೆಯದಕ್ಕೆ ಎರಡೂ ಪ್ಲೇಟು ಮಿಸಳ್ ಬೆಂಕಿಯಾಗಿ ಗಂಟಲಿಗೆ ಬಂತು! ಸುಮಿತ್ರಾಳನ್ನು ಇಳಿಸಿ, ಎದೆ ಹಿಡಿದುಕೊಂಡು ಕುಸಿದೆ.

"ಸುಮಿ, ನನ್ನ ಹಾರ್ಟು! ಮುಗೀತು ನನ್ನ ಕಥಿ!"

ಸಾಯುವವನು ದೇವರ ಮೆಟ್ಟಿಲ ಮೇಲೆ ಸುಳ್ಳು ಇಟ್ಟುಕೊಂಡು ಸಾಯಬಾರದು. ಆದ್ದರಿಂದ ಸಮಸ್ತ ಭಕ್ತಾದಿಗಳ ಸಮಕ್ಷಮದಲ್ಲಿ ಶುರುಮಾಡಿದೆ.

"ನಾ ವಾಕಿಂಗ್ ಮಾಡೂದೇ ಇಲ್ಲ. ದಿನಾ ಮಿಸಳ್ ತಿಂತೀನಿ, ಮ್ಯಾಲೆ ಎರಡು ಚಹಾ. ಊಟ ಆದಕೂಡಲೆ ಚಕ್ಕಲಿ ಡಬ್ಬಿ ಖಾಲಿ ಮಾಡಿ ಹಂಗs ಉರುಳತೀನಿ. ಚಕ್ಕಲಿ ಇಲಿ ತಿಂತು ಅಂತ ಹೇಳಿದ್ದೆಲ್ಲಾ ಸುಳ್ಳು! ಮತ್ತ... ಲಗ್ನದಾಗ ನನ್ನ ಕಾಲು ಉಳುಕಿರಲಿಲ್ಲ. ಎತ್ತಾಕ ಆಗದಿದ್ರ ಮಂದಿ ನಗತಾರಂತ ಅಂಜಿದ್ದೆ!"

ಸುಮಿತ್ರಾ ಅಳುತ್ತಿದ್ದಳು. ಇಲಿಯ ವಿಷಯಕ್ಕೆ ಬಂದಾಗ ಅಳು ನಿಲ್ಲಿಸಿದ್ದಳು.

ಕೆಳಗಿನ ದವಾಖಾನೆಯಲ್ಲಿ ಡಾಕ್ಟರು ನನ್ನ ಎದೆಯ ಮೇಲಿನ ಭಂಡಾರ ಒರೆಸಿ, ವೈರು ಅಂಟಿಸಿ, ಕಾಗದ ನೋಡಿದರು.

"ಕಾಕಾ, ಹಾರ್ಟ್ ಏಕದಮ್ ಠೀಕ್ ಆಹೆ. ಇದು ಆ್ಯಸಿಡಿಟಿ. ಏನೇನು ತಿನ್ನುತ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಸುಮಿತ್ರಾ ಶುದ್ಧ ಮರಾಠಿಯಲ್ಲಿ ಮಿಸಳ್‌ನಿಂದ ಚಕ್ಕಲಿಯವರೆಗೆ ಎಲ್ಲ ಒಪ್ಪಿಸಿದಳು. ಗೊಗ್ಗರು ದನಿ, ಕೆಮ್ಮು, ಹುಳಿನೀರು, ದಿಂಬು, ಯಾವುದನ್ನೂ ಬಿಡಲಿಲ್ಲ. ಇವೆಲ್ಲ ಒಂದೇ ರೋಗದ ಲಕ್ಷಣ, ವರ್ಷಗಟ್ಟಲೆ ಬಿಟ್ಟರೆ ಅನ್ನನಾಳ ಹುಣ್ಣಾಗಿ, ಕಿರಿದಾಗಿ, ತುತ್ತು ಇಳಿಯುವುದೇ ಕಷ್ಟವಾಗುತ್ತದೆ ಎಂದು ಡಾಕ್ಟರು ಗದರಿದರು. "ಎದೆನೋವೆಂದು ಓಡಿ ಬಂದದ್ದು ಮಾತ್ರ ಸರಿ. ಹಾರ್ಟೋ ಹೊಟ್ಟೆಯೋ, ಮನೆಯಲ್ಲಿ ಕೂತು ತೀರ್ಮಾನಿಸಬೇಡಿ" ಎಂದರು. ನಾನು ದಿಂಬನ್ನು ಮನಸ್ಸಿನಲ್ಲೇ ಕ್ಷಮಿಸಿದೆ.

ಮನೆಗೆ ಹೊರಟೆವು. ಅರ್ಧ ದಾರಿಯಲ್ಲಿ ಸುಮಿತ್ರಾ ನನ್ನ ಕಿವಿಯೊಳಗಿನ ಭಂಡಾರ ಒರೆಸುತ್ತ ಮೆಲ್ಲಗೆ ಅಂದಳು: "ಅಂಜಿಕಿ ಅದ ಅಂತ ಆವತ್ತೇ ಹೇಳಿದ್ರ, ನಾನs ನಿಮ್ಮನ್ನ ಎತ್ಕೊಂಡು ಏರತಿದ್ದೆ ಅಲ್ರೀ!"

ಈಗ ವಾಕಿಂಗಿಗೆ ಅವಳೂ ಬರುತ್ತಾಳೆ. ಮಿಸಳ್ ಅಂಗಡಿಯವನು ಕೈ ಎತ್ತಿದರೆ ನಾನು ಆಕಾಶ ನೋಡುತ್ತೇನೆ. ಕೋಥರೂಡದ ಗುಡ್ಡದ ಮೆಟ್ಟಿಲುಗಳನ್ನು ಅವಳು ಸರಸರ ಏರುತ್ತಾಳೆ, ನಾನು ಹಿಂದೆ ತೇಕುತ್ತೇನೆ. ಸರಿಯಾಗಿ ಐದನೇ ಮೆಟ್ಟಿಲಿನ ಮೇಲೆ ನಿಂತು, ಹಾದುಹೋಗುವವರಿಗೆಲ್ಲ ಕೇಳುವಂತೆ ದಿನಾ ಕೂಗುತ್ತಾಳೆ:

"ಎತ್ಕೊಳ್ಳಲೇನ್ರೀ?"