ನಮ್ಮ ಹಿತ್ತಲ ನಿಂಬೆಗೆ ಪೊಟ್ಯಾಷ್ ಹಾಕಿದ್ದು

ಗಿಡಕ್ಕೆ ಅಂತ ನಾನು ಏನೇ ತಂದರೂ ನಮ್ಮ ಮನೇಲಿ ಅದು ಮೊದಲು ಬೇರೆ ಯಾರಿಗೋ ತಗಲುತ್ತೆ. ಹಿತ್ತಲಲ್ಲಿ ನಾನೇ ನೆಟ್ಟ ನಿಂಬೆಮರ ಐತೆ. ಕಾಯಿ ಹಿಂಡಿದರೆ ಕೈ ನೋಯೋದೇ ಹೊರತು ರಸ ಬರ್ತಿರಲಿಲ್ಲ. ಯಜಮಾನರು ಅಂದುಬಿಟ್ಟರು: "ಮಾರ್ನವಮಿ ಅಮಾವಾಸ್ಯೆ ಕಳೀಲಿ. ಮಾರನೇ ದಿನವೇ ಕಡಿಸಿ, ಆ ಜಾಗದಲ್ಲಿ ಸ್ಕೂಟರ್ ನಿಲ್ಲಿಸೋಕೆ ಶೀಟ್ ಹಾಕಿಸ್ತೀನಿ." ಅಷ್ಟರೊಳಗೆ ರಸ ಬರಿಸೋ ದಾರಿ ಹುಡುಕೋಕೆ ಹೊರಟೆ.

ಬೂದಿ

ಪಕ್ಕದ ಮನೆ ಬೂಬಮ್ಮ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋಳು. "ಅಜ್ಜೀ, ನಮ್ಮ ಒಲೆ ಬೂದೀಲಿ ಪೊಟ್ಯಾಷ್ ಐತೆ. ಬುಡಕ್ಕೆ ಹಾಕಿ, ರಸ ತುಂಬ್ತದೆ" ಅಂತ ಒಂದು ಬುಟ್ಟಿ ಕೊಟ್ಟಳು. ಜರಡಿ ಹಿಡಿದು, ನುಣ್ಣಗಿನದನ್ನ ಡಬ್ಬಿಗೆ ತುಂಬಿ ಕಿಟಕೀಲಿ ಇಟ್ಟೆ. ಸ್ನಾನ ಮಾಡಿ ಬಂದ ಯಜಮಾನರು ಅದನ್ನೇ ಹಣೆಗೆ, ತೋಳಿಗೆ, ಎದೆಗೆ ಬಳ್ಕೊಂಡು ಪೂಜೆಗೆ ಕೂತರು. ಒಸಿ ಹೊತ್ತಿಗೆ ಮೂಗು ಅರಳಿಸಿದರು.

"ಏನಮ್ಮೀ, ಇವತ್ತು ವಿಭೂತಿ ಬೆಂದ ಹುಳದ ವಾಸನೆ ಹೊಡೀತೈತೆ?"

"ಅದು ಮರಕ್ಕಿಟ್ಟಿದ್ದು. ನೀವು ಬಳ್ಕೊಂಡ್ರಲ್ಲ, ಇನ್ನು ನೀವೇ ಕಾಯಿ ಬುಡಿ!"

ಸಿಪ್ಪೆ

ಬಾಳೆಸಿಪ್ಪೇಲೂ ಅದೇ ಸತ್ವ ಐತೆ ಅಂದಳು ಬೂಬಮ್ಮ. ಬುಡದಲ್ಲಿ ಹೂತೆ. ಹಗ್ಗ ಬಿಚ್ಕೊಂಡು ಬಂದ ನಮ್ಮ ಹಸು ಒಂದೂ ಬಿಡದೆ ಕೆದಕಿ ತಿಂದು, ಅಲ್ಲೇ ಸಗಣಿ ಹಾಕಿ ಹೋಯ್ತು. ಹೆಂಗೋ ಬುಡ ಸೇರಿತಲ್ಲ ಅಂದ್ಕೊಂಡೆ.

ಕೆಂಪು ಉಪ್ಪು

ಕೊನೆಗೆ ಬಸ್ ಹತ್ತಿ ಚನ್ನಪಟ್ಟಣದ ಗೊಬ್ಬರದಂಗಡಿಗೆ ಹೋದೆ. ಅಂಗಡಿಯವನು ಕಲ್ಲುಪ್ಪಿನಂಥದ್ದು ಕೊಟ್ಟ, ಆದರೆ ಕುಂಕುಮದಷ್ಟು ಕೆಂಪು! "ಇದೇ ಪೊಟ್ಯಾಷ್. ಬುಡದಿಂದ ದೂರಕ್ಕೆ ಸುತ್ತ ಉದುರಿಸಿ, ನೀರು ಬುಡಿ." ಈ ಕಲ್ಲು ಕರಗಿ, ಬೇರು ಹತ್ತಿ, ಕಾಯೊಳಗೆ ರಸ ತುಂಬಿಸುತ್ತಾ? ಎಂಥ ಸೋಜಿಗ! ಅಮಾವಾಸ್ಯೆ ಸಂಜೆ ಮರದ ಸುತ್ತ ಉದುರಿಸಿದೆ. ನೀರು ಬೆಳಿಗ್ಗೆ ಬಿಟ್ಟರಾಯ್ತು ಅಂತ ಸುಮ್ಮನಾದೆ.

ಬೆಳಿಗ್ಗೆ ಯಜಮಾನರು ಮರ ಕಡಿಯೋನನ್ನ ಕರ್ಕೊಂಡು ಬಂದರು. ಅವನು ನೋಡ್ತಾನೆ: ಸುತ್ತ ಕೆಂಪು ಗೆರೆ, ನಡುವೆ ತಾನಾಗಿ ಉದುರಿದ ಒಂದು ನಿಂಬೆಹಣ್ಣು.

"ಅಯ್ಯಯ್ಯಪ್ಪೋ! ಅಮಾಸೆ ದಿನ ಯಾರೋ ಮಾಟ ಮಾಡ್ಸವ್ರೆ!"

"ಗೊಬ್ಬರ ಕಣಪ್ಪಾ!" ಅಂತ ನಾನು ಕೂಗ್ತಾನೇ ಇದ್ದೆ. ಕೊಡಲಿ ಬಿಸಾಕಿ ಬೇಲಿ ಹಾರಿದ. ಯಜಮಾನರು ಚಪ್ಪಲಿ ಬಿಟ್ಟು ದೂರದಿಂದಲೇ ಕೈ ಮುಗಿದರು. ಕಡಿಸೋ ಮಾತು ಮತ್ತೆ ಎತ್ತಲಿಲ್ಲ. ನಾನು ಗೊಬ್ಬರ ಕರಗೋ ಹಂಗೆ ನೀರು ಬಿಟ್ಟೆ.

ಮುಂದಿನ ಬೇಸಿಗೇಲಿ ಹಣ್ಣು ಹಿಂಡಿದರೆ ರಸ ಮೊಣಕೈವರೆಗೂ ಇಳೀತು. ದೊಡ್ಡ ಚೊಂಬಿನ ತುಂಬ ಪಾನಕ ಮಾಡಿದೆ. ಕೊಡಲಿ ಕೇಳೋಕೆ ಅಂತ ಮರ ಕಡಿಯೋನು ಬಂದ. ಪಾನಕ ಕುಡಿದ, ಮರ ನೋಡಿದ, ಮೆಲ್ಲಗೆ ಹತ್ತಿರ ಬಂದ.

"ಅಜ್ಜೀ, ನಮ್ಮನೆ ನಿಂಬೇಲೂ ರಸ ಇಲ್ಲ. ಮಾಟ ಮಾಡಿದೋರು ಯಾರು ಅಂತ ಒಸಿ ಹೇಳಿ, ನಾನೂ ಮಾಡಿಸ್ಕೊಬತ್ತೀನಿ!"