ಕಾಕಾನ ಗೋಡೆಯ ಸಿಂಹವಾಹಿನಿ

ನಮ್ಮ ಕಾಕಾ ಬ್ರಿಟಿಷರ ವಿರುದ್ಧ ಯುದ್ಧ ಸಾರಿದ್ದು, ಅವರು ಗಂಟುಮೂಟೆ ಕಟ್ಟಿಕೊಂಡು ಹೋಗಿ ಅರ್ಧ ಶತಮಾನವಾದ ಮೇಲೆ! ಯುದ್ಧಭೂಮಿ ಕೇಶ್ವಾಪುರದ ಅವರ ಮನೆಯ ಪಡಸಾಲೆ.

ಹತ್ತಿ ವ್ಯಾಪಾರ ಬಿಟ್ಟು ಸುಮ್ಮನೆ ಕೂತಿದ್ದ ಕಾಕಾಗೆ ತೊಂಬತ್ತರ ದಶಕದಲ್ಲಿ ದುರ್ಗದಬೈಲಿನ ರದ್ದಿ ಅಂಗಡಿಯೊಂದರಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ವ್ಯಂಗ್ಯಚಿತ್ರಗಳ ಕಟ್ಟೊಂದು ಸಿಕ್ಕಿತು. ಕಂಡವರ ದೇಶಕ್ಕೆ ನುಗ್ಗುವ ತಮ್ಮ ಸರಕಾರವನ್ನು ಇಂಗ್ಲಿಷರೇ ಗೇಲಿ ಮಾಡಿ ಬರೆದ ಚಿತ್ರಗಳು. ಕಾಕಾ ಅವಕ್ಕೆ ಗಾಜು, ಚೌಕಟ್ಟು ಹಾಕಿಸಿ ಗೋಡೆ ತುಂಬಿಸಿದರು. ಅಂದಿನಿಂದ ಆ ಮನೆಯಲ್ಲಿ ಒಂದೇ ಕಾಯಿದೆ: ಮೊದಲು ಚಿತ್ರ, ಆಮೇಲೆ ಚಹಾ.

ಒಮ್ಮೆ ಬೀಗರು ಬಂದರು. ಒಳಗೆ ಚಹಾ ಆರುತ್ತಿತ್ತು. ಕಾಕಾ ಅವರನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿದ್ದರು.

“ಈ ಸಿಂಹ ಇಂಗ್ಲೆಂಡ್ ರಿ. ಈ ಕರಡಿ ರಷ್ಯಾ. ಎರಡೂ ‘ನಾವು ನಿನ್ನ ಗೆಳ್ಯಾರು’ ಅನ್ನಾಕತ್ತಾವ.”

“ನಡುವ ನಿಂತಂವಾ ಯಾರ್ರಿ?”

“ಕಾಬೂಲಿನ ಅಮೀರ. ಪಾರಾಗಿ ಹೋಗೂ ದಾರಿ ಕಾಣವಲ್ದು!”

“ಪಾಪ, ಅಂವಗೂ ಇನ್ನಾ ಚಾ ಸಿಕ್ಕಿಲ್ಲೇನ್ರಿ?”

ಕಾಕಾನ ಪ್ರಾಣವೆಲ್ಲ ಇದ್ದದ್ದು ಇನ್ನೊಂದು ಚಿತ್ರದಲ್ಲಿ. ತಲೆಯ ಮೇಲೆ ಶಿರಸ್ತ್ರಾಣ, ಕೈಯಲ್ಲಿ ತ್ರಿಶೂಲ, ಪಕ್ಕದಲ್ಲಿ ಸಿಂಹ. ಹೆಣ್ಣಿನ ರೂಪ ತಾಳಿದ ಸಾಕ್ಷಾತ್ ಇಂಗ್ಲೆಂಡು! ಹಿಂದೆ ಯಾರದೋ ಊರು ಉರಿಯುತ್ತಿದೆ. ಆಕೆ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಸಿಂಹದ ಬಾಯಿಂದ ರುಮಾಲೊಂದು ನೇತಾಡುತ್ತಿದೆ, ಅದನ್ನು ತಲೆಗೆ ಸುತ್ತಿಕೊಂಡಿದ್ದವನ ಸುಳಿವಿಲ್ಲ. “ಈ ಕಣ್ಣೀರ ನಂಬಬ್ಯಾಡ್ರಿ” ಎಂದು ಕಾಕಾ ಬಂದವರಿಗೆಲ್ಲ ಎಚ್ಚರಿಕೆ ಕೊಡುತ್ತಿದ್ದರು. ಅಡುಗೆಮನೆಯಲ್ಲಿದ್ದ ಕಾಕುಗೆ ಮಾತ್ರ ಯಾವತ್ತೂ ವಿವರಿಸಿರಲಿಲ್ಲ. ಹೆಂಡತಿಗೆ ಯಾರಾದರೂ ಉಪನ್ಯಾಸ ಕೊಡುತ್ತಾರೆಯೇ?

ಒಂದು ವರ್ಷ ನವರಾತ್ರಿ ಶುರುವಾಗುವ ಹೊತ್ತಿಗೆ ಕಾಕಾ ಎದೆನೋವಿನಿಂದ ಆಸ್ಪತ್ರೆ ಸೇರಿದರು. ಡಾಕ್ಟರು ಭರವಸೆ ಕೊಡಲಿಲ್ಲ. ಹೇಗೋ ಉಳಿದರು. ದಸರೆಯ ಮುಂಜಾನೆ ನಾನೇ ತೋಳು ಹಿಡಿದು ಮನೆಗೆ ಕರೆತಂದೆ. ಮನಸ್ಸಿಗೆ ಆಘಾತವಾಗುವಂಥದ್ದು ಏನೂ ನಡೆಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಪಡಸಾಲೆಗೆ ಕಾಲಿಟ್ಟವನು ನಿಂತಲ್ಲೇ ನಿಂತೆ. ಇಂಗ್ಲೆಂಡು ದೇವರ ಜಗಲಿ ಏರಿ ಕೂತಿದ್ದಳು! ಕಾಕು ಗಾಜು ತೆಗೆಸಿಬಿಟ್ಟಿದ್ದಳು. ಹಣೆಯ ಕುಂಕುಮ ಎಣ್ಣೆಯೊಡನೆ ಇಳಿದು ಗಲ್ಲದವರೆಗೆ ಹರಿದಿತ್ತು. ಸಿಂಹದ ಮೂಗಿಗೆ ಅರಿಷಿಣ. ಮುಂದೆ ದೀಪ.

“ಈ ತಾಯಿನ ನಿಮ್ಮನ್ನ ಉಳಿಸ್ಯಾಳ” ಎಂದಳು ಕಾಕು. “ರಾಕ್ಷಸನ್ನ ನುಂಗಿ ಬರೇ ರುಮಾಲ ಬಿಟ್ಟೈತಿ ಸಿಂಹ, ನೋಡ್ರಿ. ನಮ್ಮ ಸಂಕಟಕ್ಕ ಅಕಿನೂ ಅಳಾಕತ್ತಾಳ. ಕೈ ಮುಗೀರಿ.”

ನುಂಗಿಸಿಕೊಂಡವನೇ ರಾಕ್ಷಸ! ನಾನು ಚಿತ್ರ ನೋಡಲಿಲ್ಲ. ಕಾಕಾನ ಎದೆಯನ್ನೇ ನೋಡುತ್ತಿದ್ದೆ. ಅದು ಒಮ್ಮೆ ಜೋರಾಗಿ ಏರಿತು. ನಾನು ಅವರ ತೋಳನ್ನು ಬಿಗಿಯಾಗಿ ಹಿಡಿದೆ.

ಕಾಕಾ ನೋಡುತ್ತಿದ್ದುದು ಕಾಕುವಿನ ಕೈಗಳನ್ನು. ನಮಸ್ಕಾರಕ್ಕೆಂದು ಎತ್ತಿದ ಆ ಕೈಗಳಲ್ಲಿ ಬಳೆಗಳು ಮೊಣಕೈವರೆಗೆ ಜಾರಿದ್ದವು. ನವರಾತ್ರಿಯ ಒಂಬತ್ತು ದಿನದ ಉಪವಾಸದಲ್ಲಿ ತೋಳು ಅಷ್ಟು ಇಳಿದಿತ್ತು.

ನಿಧಾನವಾಗಿ ಕಾಕಾ ಕೈ ಜೋಡಿಸಿದರು.

“ಕಾಕಾ, ಅಕಿ ಇಂಗ್ಲೆಂ…” ಎಂದೆ ಮೆಲ್ಲಗೆ.

“ಬಾಯಿ ಮುಚ್ಚಲೇ.”

ಮುಂದಿನ ವಾರ ಆರೋಗ್ಯ ವಿಚಾರಿಸಲು ಅದೇ ಬೀಗರು ಬಂದರು. ಕಾಯಿದೆ ಬಲ್ಲವರು, ತಾವಾಗಿಯೇ ಚಿತ್ರದ ಮುಂದೆ ಹೋಗಿ ನಿಂತರು.

“ಇಕಿ ಇಂಗ್ಲೆಂಡ್ ಅಂತಿದ್ರೆಲ್ಲ, ಇದೇನ್ರಿ ಕುಂಕುಮ?”

ಕಾಕು ಚಹಾದ ತಾಟು ಹಿಡಿದು ಬಾಗಿಲಿಗೆ ಬಂದಿದ್ದಳು. ಕಾಕಾ ಲಗುಬಗೆಯಿಂದ ಎದ್ದು, ಕಪ್ಪೊಂದನ್ನು ಬೀಗರ ಕೈಗೆ ಇಟ್ಟೇಬಿಟ್ಟರು.

“ನಮ್ಮ ಮನಿ ದೇವರ್ರಿ. ಮೊದಲ ಚಾ ಕುಡೀರಿ, ಆರತೈತಿ.”