ಅವ್ವ, ಆ್ಯಸಿಡ್ ಮತ್ತು ನನ್ನ ಸೋಡಾ ಡಬ್ಬಿ

ಪಾಠ ಮಾಡುವವನಿಗೆ ಪಾಠ ಗೊತ್ತಿರಲೇಬೇಕೆಂದೇನೂ ಇಲ್ಲ ಎಂಬುದು ನನಗೆ ತಿಳಿಯಲು ಹದಿನೆಂಟು ವರ್ಷ ಬೇಕಾಯಿತು. ಭಾಲ್ಕಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನೀಲಿ ಲಿಟ್ಮಸ್ಸನ್ನು ಕೆಂಪು ಮಾಡಿದರೆ ಆಮ್ಲ, ಕೆಂಪನ್ನು ನೀಲಿ ಮಾಡಿದರೆ ಪ್ರತ್ಯಾಮ್ಲ, ಎರಡೂ ಕೂಡಿದರೆ ಲವಣ ಮತ್ತು ನೀರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಬೀದರಿನ ನಮ್ಮ ಮನೆಯ ಬೋರ್‌ವೆಲ್ ನೀರು ಬಚ್ಚಲ ಕಲ್ಲಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಅದಕ್ಕೆ ಆಮ್ಲವೇ ಮದ್ದು ಎಂದು ಹೆಂಡತಿ ಸುನಂದಾಗೆ ಉಪನ್ಯಾಸ ಕೊಟ್ಟು ಆ್ಯಸಿಡ್ ಬಾಟಲಿ ತಂದವನು ನಾನೇ. ಕೈಗವಸಿನ ಮಾತು ಉಪನ್ಯಾಸದಲ್ಲಿ ಇರಲಿಲ್ಲ. ಒಂದು ಭಾನುವಾರ ಸುನಂದಾ ಬಿಗಿಯಾದ ಮುಚ್ಚಳ ತಿರುಗಿಸುವಾಗ ಬಾಟಲಿ ಜಾರಿ ಅವಳ ಮುಂಗೈ ಮೇಲೆ ಆ್ಯಸಿಡ್ ಚೆಲ್ಲಿತು. ಕೂಗು ಕೇಳಿ ಓಡಿ ಬಂದ ನನ್ನ ಕಣ್ಣಿಗೆ ಮೊದಲು ಕಂಡದ್ದು ಕೈಯಲ್ಲ, ಸಮೀಕರಣ. "ತಡಿ, ಸೋಡಾ ತರ್ತೇನಿ" ಎಂದು ಅಡುಗೆಮನೆಗೆ ನುಗ್ಗಿದೆ. ಸೋಡಾ, ಮೈದಾ, ರಂಗೋಲಿ ಪುಡಿ, ಎಲ್ಲವೂ ಬಿಳಿ. ಚಿಟಿಕೆ ಚಿಟಿಕೆ ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತ ನಿಂತೆ.

ಅಷ್ಟರಲ್ಲಿ ಠಾಣಾ ಕುಶನೂರಿನಿಂದ ಬಂದಿದ್ದ ನಮ್ಮವ್ವ, ಶಾಲೆಯ ಮೆಟ್ಟಿಲು ಹತ್ತದವಳು, ಸೊಸೆಯ ಬಳೆ ತೆಗೆದು ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದಳು.

"ಭಾಳ ಉರಿತದರಿ ಅತ್ತಿ."

"ಉರೀಲಿ. ಕೈ ತೆಗಿಬ್ಯಾಡ ನನ್ನವ್ವ."

ನಾನು ಸೋಡಾ ಡಬ್ಬಿ ಚಾಚಿದೆ. "ಅವ್ವಾ, ಆಚೆ ಸರಿ. ಇದು ಹಚ್ಚಬೇಕು."

"ಇಲ್ಲೇನ್ ಹಪ್ಪಳದ ಹಿಟ್ಟು ನಾದ್ಲಿಕತ್ತೀವೇನೋ? ಹೋಗು, ಆಟೋ ತಗೊಂಡ್ ಬಾ!"

ಆಟೋ ಸಿಕ್ಕು ಬರುವ ತನಕವೂ ಅವ್ವ ನೀರು ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೈ ನೋಡಿ, "ನೀರು ಹಾಕಿದ್ದು ಯಾರ್ರಿ? ಛಲೋ ಮಾಡ್ಯಾರ. ಸೋಡಾ ಹಚ್ಚಿದ್ರ ಅದರ ಕಾವಿಗೆ ಇನ್ನಷ್ಟು ಸುಡ್ತಿತ್ತು" ಎಂದರು. ಆಮ್ಲ ಪ್ರತ್ಯಾಮ್ಲ ಕೂಡಿದಾಗ ಶಾಖ ಹೊರಬರುತ್ತದೆ. ಈ ವಾಕ್ಯವನ್ನು ಪ್ರತಿ ವರ್ಷ ಮಕ್ಕಳಿಂದ ಅಡಿಗೆರೆ ಹಾಕಿಸಿ ಬರೆಸುವವನು ನಾನು. ಸುನಂದಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಅವಳ ಮುಂಗೈಯಲ್ಲಿ ಹುಣಸೆಬೀಜದಷ್ಟು ಕಲೆ ಇದೆ. ಅವಳು ಊಟ ಬಡಿಸುವಾಗ ನಾನು ತಟ್ಟೆಯನ್ನೇ ನೋಡುತ್ತೇನೆ.

ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗಲೇ ಒಂದು ಹಳೆಯ ಉತ್ತರಪತ್ರಿಕೆ ನೆನಪಾಗಿತ್ತು. ಆಮ್ಲ ಮೈಮೇಲೆ ಬಿದ್ದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಔರಾದ್ ಕಡೆಯ ಹುಡುಗಿಯೊಬ್ಬಳು 'ನೀರು ಹಾಕುತ್ತೇನೆ' ಎಂದು ಎರಡೇ ಪದ ಬರೆದಿದ್ದಳು. ಸೋಡಾ ಬರೆದಿಲ್ಲವೆಂದು ನಾನು ಸೊನ್ನೆ ಸುತ್ತಿದ್ದೆ. ಮೊನ್ನೆ ಅದೇ ಹುಡುಗಿ ಭಾಲ್ಕಿ ಬಸ್ಸಿನಲ್ಲಿ ಸಿಕ್ಕಳು. ಈಗ ಕಾಲೇಜಿಗೆ ಹೋಗುತ್ತಾಳೆ. ಎಲ್ಲವನ್ನೂ ಹೇಳಿ, "ನಿನ್ನ ಉತ್ತರಾನೇ ಖರೆ ಇತ್ತವ್ವ, ತಪ್ಪು ನಂದು" ಎಂದೆ.

ಅವಳು ನಾಚಿಕೊಂಡಳು. "ಇರ್ಲಿ ಬಿಡ್ರಿ ಸರ್. ನಾನೂ ನೀವು ಕಲ್ಸಿದ್ದೇ ಬರಿಬೇಕಂತ ಕುಂತಿದ್ದೆರಿ. ಸೋಡಾ ಅನ್ನೋದು ನೆನಪಾಗ್ಲಿಲ್ಲ."